ಹೇಗೂ ಎಲ್ಲಾ ಸುಟ್ಟೋಗುತ್ತೆ ಅಂದ್ರೆ ಗಿಡ ಯಾಕೆ ನೆಡ್ಬೇಕು? ಚರ್ಚ್ ಹಿರಿಯರು ಕೇಳಿದ ಪ್ರಶ್ನೆ

ಚಾಂಪಿಯನ್_ರೀಫ್_ಹುಡುಗ

ಎಲ್ರಿಗೂ ನಮಸ್ಕಾರ. ನಾನು ಕೆಜಿಎಫ್‌ನವನು, ಮನೇಲಿ ತಮಿಳು, ಓದಿದ್ದು ಕನ್ನಡ ಮೀಡಿಯಂ, ಬರವಣಿಗೆ ಹೆಂಗಿದ್ರೂ ಅಡ್ಜಸ್ಟ್ ಮಾಡ್ಕೊಳ್ಳಿ. ನಮ್ಮೂರು ಗೊತ್ತಿಲ್ಲದವರು ಸಿನಿಮಾ ಮರೆತು ಕೇಳಿ. ನೂರು ವರ್ಷಕ್ಕೂ ಜಾಸ್ತಿ ಚಿನ್ನ ತೆಗೆದ್ರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ್ರು, ಕೆಲಸ ಹೋಯ್ತು, ಊರಿಗೆ ಉಳಿದಿದ್ದು ಸೈನೈಡ್ ದಿಬ್ಬಗಳು. ಕಲ್ಲನ್ನ ನುಣ್ಣಗೆ ಪುಡಿ ಮಾಡಿ ಸೈನೈಡ್ ನೀರಲ್ಲಿ ಚಿನ್ನ ಕರಗಿಸಿ ತಗೊಂಡ್ಮೇಲೆ ಮಿಕ್ಕಿದ ಪುಡೀನ ತಂದು ಸುರಿದಿದ್ದು ಅದು. 13 ದಿಬ್ಬ, ಒಟ್ಟು ಸುಮಾರು 3.3 ಕೋಟಿ ಟನ್. ಗಾಳಿ ಕಾಲ ಬಂತು ಅಂದ್ರೆ ಒಗೆದು ಹಾಕಿದ ಬಟ್ಟೆ ಮೇಲೂ ಧೂಳು, ಮುಚ್ಚಿಟ್ಟ ಅನ್ನದ ಮೇಲೂ ಧೂಳು.

ವಿಷಯ ಏನಂದ್ರೆ ನಮ್ಮ ಚರ್ಚಿನ ಯೂತ್ ಫೆಲೋಶಿಪ್‌ನಲ್ಲಿ ಜೂನ್ 5ಕ್ಕೆ, ಪರಿಸರ ದಿನಕ್ಕೆ, ಒಂದಷ್ಟು ಸಸಿ ನೆಡೋಣ, ಚರ್ಚ್ ಕಾಂಪೌಂಡಲ್ಲಿ ಮತ್ತೆ ದಿಬ್ಬದ ಕಡೆ ಇರೋ ಬೀದೀಲಿ, ಅಂತ ಮಾತಾಡ್ತಿದ್ವಿ. ಕಮಿಟಿಲಿ ಒಬ್ಬ ಹಿರಿಯರು ಎದ್ದು, ಬೈಬಲ್ಲಲ್ಲಿ ಎರಡನೇ ಪೇತ್ರ ಮೂರನೇ ಅಧ್ಯಾಯ ಓದಿಲ್ವಾ, ಈ ಭೂಮೀನ ಬೆಂಕಿಗೆ ಅಂತಾನೇ ಇಟ್ಟಿರೋದು, ಕರ್ತನ ಬರೋಣ, ಅಂದ್ರೆ ಯೇಸು ಮತ್ತೆ ಬರೋದು, ಹತ್ರ ಇದೆ, ಆತ್ಮಗಳನ್ನ ಗೆಲ್ಲೋ ಟೈಮಲ್ಲಿ ಗಿಡ ನೆಡ್ಕೊಂಡು ಕೂತ್ಕೋತೀರಾ ಅಂದ್ರು. ಅವರು ಕೆಟ್ಟವರಲ್ಲ, ಅಂಡರ್‌ಗ್ರೌಂಡ್ ಕೆಲಸ ಮಾಡಿ ಈಗ ಉಸಿರಿಗೆ ಕಷ್ಟ ಪಡ್ತಿರೋರು, ಅದಕ್ಕೆ ಯಾರೂ ಎದುರು ಮಾತಾಡ್ಲಿಲ್ಲ.

ನನ್ನ ಪ್ರಶ್ನೆ ಎರಡು. ಅವರು ಹೇಳಿದ್ದು ನಿಜವಾಗ್ಲೂ ಬೈಬಲ್ ಪ್ರಕಾರ ಸರೀನಾ? ಎರಡನೇದು ಸ್ವಲ್ಪ ಪರ್ಸನಲ್ಲು. ಹಿರಿಯರ ಮಾತು ಬಿಡಿ, 3.3 ಕೋಟಿ ಟನ್ ಎದುರಿಗೆ ಹತ್ತಿಪ್ಪತ್ತು ಸಸಿ ಅಂದ್ರೆ ನಂಗೇ ನಗು ಬರುತ್ತೆ. ನಿರೀಕ್ಷೆ ನಿರೀಕ್ಷೆ ಅಂತ ಪ್ರತಿ ಭಾನುವಾರ ಹಾಡ್ತೀವಿ, ಇಲ್ಲಿ ಅದಕ್ಕೆ ಅರ್ಥ ಏನು?

ಗ್ರೇಸ್_ಅಕ್ಕ

ತಮ್ಮಾ, ನಾಳೆ ಲೋಕ ಮುಗಿಯುತ್ತೆ ಅಂತ ಗೊತ್ತಾದ್ರೂ ಇವತ್ತು ನಾನು ಸೇಬಿನ ಗಿಡ ನೆಡ್ತೀನಿ ಅಂತ ಮಾರ್ಟಿನ್ ಲೂಥರ್ ಹೇಳಿದಾರೆ. ಹಿರಿಯರಿಗೆ ಇದೊಂದ್ ಮಾತು ಹೇಳು ಸಾಕು 🙏

ಧಾರವಾಡ_ಪಾಸ್ಟರ್

ಅಕ್ಕಾರ, ಮಾತು ಬಾಳ ಚೊಲೋ ಐತ್ರಿ, ಆದ್ರ ಲೂಥರ್ ಬರದ ಪುಸ್ತಕದಾಗ ಅದು ಎಲ್ಲೂ ಸಿಗೂದಿಲ್ಲ. ಹುಡುಕಿದವ್ರಿಗೆ ಸಿಕ್ಕ ಹಳೇ ದಾಖಲೆ 1944ರದ್ದು, ಜರ್ಮನಿ ಯುದ್ಧದಾಗ ಸೋಲಾಕತ್ತಿದ್ದಾಗ ಅಲ್ಲಿನ ಸಭೆಯವ್ರು ಕಳಿಸಿದ ಒಂದು ಸುತ್ತೋಲೆ. ಕಮಿಟಿಯೊಳಗ ಅದನ್ನ ಹೇಳಬ್ಯಾಡಪಾ, ಯಾರರೆ ಗೂಗಲ್ ಮಾಡಿದ್ರ ನಿನ್ನ ಮಾತು ಅಲ್ಲೇ ಬೀಳ್ತೈತಿ.

ಹಿರಿಯರು ಪೇತ್ರನ ಪತ್ರಿಕೆ ಹಿಡದಾರಲ್ಲ, ಅದ ಅಧ್ಯಾಯ ಅವರ ಸಂಗಾಟ ಕುಂತು ಮತ್ತೊಮ್ಮೆ ಓದು. ಬೆಂಕಿ ಮಾತು ಬರೂಕಿಂತ ಮೊದ್ಲ ಆರನೇ ವಚನದಾಗ ನೀರಿನ ಮಾತು ಐತಿ. ಆಗಿನ ಲೋಕ ಪ್ರಳಯದಾಗ ನಾಶ ಆತು ಅಂತಾನ ಪೇತ್ರ. ನಾಶ ಆದ ಮ್ಯಾಲೆ ಭೂಮಿ ಎಲ್ಲಿ ಹೋತು? ಎಲ್ಲೂ ಹೋಗ್ಲಿಲ್ಲ. ನೋಹ ಹಡಗಿಂದ ಇಳದದ್ದು ಅದ ಭೂಮಿ ಮ್ಯಾಲೆ, ದ್ರಾಕ್ಷಿ ಹಚ್ಚಿದ್ದೂ ಅಲ್ಲೇ. ಕೊಚ್ಚಿ ಹೋಗಿದ್ದು ದುಷ್ಟತನ. ಇನ್ನೊಂದು ನೋಡು, ಪ್ರಳಯ ಬರೂದು ಗ್ಯಾರಂಟಿ ಅಂತ ದೇವರಿಗೆ ಗೊತ್ತಿತ್ತು, ಆದ್ರೂ ನೋಹಗ ಎಲ್ಲಾ ಮುಳಗೂದೈತಿ ಪ್ರಾಣಿ ಪಕ್ಷಿ ಚಿಂತಿ ಬಿಡು ಅನ್ಲಿಲ್ಲ. ಒಂದೊಂದು ಜಾತಿದೂ ಜೋಡಿ ಒಳಗ ಹಾಕ್ಕೋ, ಅವಕ್ಕ ತಿನ್ನಾಕ ಮೇವು ಕಾಳು ಇಟಕೋ ಅಂದ. ಆಮ್ಯಾಲೆ ಆದಿಕಾಂಡ ಒಂಬತ್ತರಾಗ ಒಡಂಬಡಿಕಿ ಮಾಡಿದ್ದು ನೋಹನ ಮನಿತನದ ಸಂಗಾಟ ಅಷ್ಟ ಅಲ್ಲ, ಹಡಗಿಂದ ಹೊರಗ ಬಂದ ಎಲ್ಲಾ ಜೀವಿಗಳ ಸಂಗಾಟ. ನಾವು ಪ್ರಸಂಗದಾಗ ಕಾಮನಬಿಲ್ಲು ತೋರಿಸ್ತೀವಿ, ಒಡಂಬಡಿಕ್ಯಾಗ ಕಾಗಿ ಗುಬ್ಬಿನೂ ಪಾಲುದಾರ ಅನ್ನೂದು ಮರೀತೀವಿ.

ನಿನ್ನ ಎರಡನೇ ಪ್ರಶ್ನೆ ನನಗ ಹೆಚ್ಚು ಮುಖ್ಯ ಅನಸ್ತೈತಿ. ಪ್ರವಾದಿ ಯೆರೆಮೀಯನ ಪುಸ್ತಕ, 32ನೇ ಅಧ್ಯಾಯ ತಗಿ. ಬಾಬೆಲಿನ ಸೈನ್ಯ ಯೆರೂಸಲೇಮ್ ಸುತ್ತ ಮುತ್ತಿಗಿ ಹಾಕೈತಿ, ಊರಾಗ ಹಸಿವು, ಜಡ್ಡು. ಯೆರೆಮೀಯ ಸ್ವತಃ ಸೆರ್ಯಾಗ ಅದಾನ, ಯಾಕಂದ್ರ ಈ ಪಟ್ಟಣ ಬೀಳ್ತೈತಿ ಅಂತ ರಾಜನ ಮುಂದ ಹೇಳಿದ್ದ. ಅಂಥಾ ಹೊತ್ತಿನ್ಯಾಗ ಕಾಕಾನ ಮಗ ಹನಮೇಲ ಬಂದು ಅನಾತೋತಿನ ಹೊಲಾ ತಗೋ ಅಂತಾನ. ಶತ್ರು ಕೈಯಾಗ ಹೋದ ಹೊಲಾರಿ ಅದು! ಇವನು 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿ ಹಾಕಿಸಿ, ಕ್ರಯಪತ್ರ ಬರಸಿ, ಬಾಳ ದಿನ ಕೆಡದಂಗ ಮಣ್ಣಿನ ಗಡಗ್ಯಾಗ ಇಡಸ್ತಾನ. ಬಾಬೆಲಿನ್ಯಾಗ ಜನರ ಸೆರೆವಾಸ 70 ವರ್ಷ ಅಂತ ಹೇಳಿದವನೂ ಅವನ, ಅಂದ್ರ ಆ ಹೊಲಾ ತಾನು ಉಳೂದಿಲ್ಲ ಅಂತ ಚೊಲೋತ್ನ್ಯಾಗಿ ಗೊತ್ತು. ಕ್ರಯಪತ್ರ ಮುಗದ ಮ್ಯಾಲೆ ಪ್ರಾರ್ಥನಾದಾಗ ದೇವರಿಗೆ ಕೇಳತಾನ, ಪಟ್ಟಣ ಶತ್ರು ಕೈಗೆ ಹೋಗಾಕತ್ತೈತಿ, ನೀ ನೋಡಿದ್ರ ಹೊಲಾ ತಗೋ ಅಂತಿ ಅಂತ. ಅಂದ್ರ ಅವನಿಗೂ ತಲಿ ಕೆಟ್ಟಿತ್ತು. ರೊಕ್ಕ ಕೊಟ್ಟ ಮ್ಯಾಲೆ ಕೇಳ್ಯಾನ ಅನ್ನೂದು ನನಗ ಬಾಳ ಹಿಡಸ್ತೈತಿ. ನಿನಗ ನಗು ಬಂದ್ರ ಬರ್ಲಿ ಬಿಡು, ಸಸಿ ಹಚ್ಚಿ ನಗು.

ಸತ್ಯವಾಕ್ಯ_77

ಪಾಸ್ಟರ್ ಅವರೇ ಪ್ರೈಸ್ ದ ಲಾರ್ಡ್. ಒಂದು ಎಚ್ಚರಿಕೆ ಹೇಳ್ಬೇಕು. ಈಗ ಎಲ್ಲಾ ಕಡೆ ಭೂಮಿ ತಾಯಿ, ಪ್ರಕೃತಿ ದೇವಿ ಅಂತ ಶುರುವಾಗಿದೆ. ರೋಮಾ 1:25 ಸೃಷ್ಟಿಕರ್ತನನ್ನ ಬಿಟ್ಟು ಸೃಷ್ಟಿಯನ್ನ ಪೂಜಿಸೋದರ ಬಗ್ಗೆ ಏನು ಹೇಳುತ್ತೆ ಎಲ್ರಿಗೂ ಗೊತ್ತು. ಸುವಾರ್ತೆ ಮೊದಲು. ಗಿಡ ನೆಡೋಕೆ ಎನ್‌ಜಿಓಗಳು ಇವೆ, ಪಾಪಕ್ಷಮೆ ಸಾರೋಕೆ ಸಭೆ ಬಿಟ್ರೆ ಯಾರಿದ್ದಾರೆ. ಆ ಹಿರಿಯರ ಭಾರ ನಂಗೆ ಅರ್ಥ ಆಗುತ್ತೆ.

ಧಾರವಾಡ_ಪಾಸ್ಟರ್

ಬ್ರದರ್, ಪೂಜಿ ಮಾಡು ಅಂತ ಯಾರೂ ಅಂದಿಲ್ಲ. ಕೀರ್ತನೆ 24ರಾಗ ಭೂಮಿ ಯೆಹೋವಂದು ಅಂತ ಐತಿ, ಇನ್ನೊಬ್ಬರ ಮನ್ಯಾಗ ಬಾಡಗಿ ಇದ್ದವ ಗ್ವಾಡಿ ಕೆಡವಿ, ಮಾಲಕ ಹೆಂಗೂ ಹೊಸಾದು ಕಟ್ಟಸ್ತಾನ ಬಿಡ್ರಿ ಅಂದ್ರ ನಡೀತೈತೇನು? ಪ್ರಕಟನೆ 11:18 ಸೈತ ಓದ್ರಿ, ಭೂಮಿ ಹಾಳು ಮಾಡೋರನ್ನ ನಾಶ ಮಾಡೂ ಕಾಲ ಅಂತ ಐತಿ. ಸುವಾರ್ತೆ ಮೊದಲು ಅನ್ನೂದಕ್ಕ ನನ್ನ ತಕರಾರಿಲ್ಲ. ಆದ್ರ ಧೂಳು ಕುಡದು ಕೆಮ್ಮೂ ಓಣಿಯೊಳಗ ನಿಂತು ಸುವಾರ್ತೆ ಹೇಳೋರು ಆ ಧೂಳಿನ ಬಗ್ಗೆ ಒಂದು ಮಾತೂ ಆಡ್ಲಿಲ್ಲ ಅಂದ್ರ ಕೇಳೋರು ಏನು ತಿಳಕೋಬೇಕು?

ಸಕಲೇಶಪುರ_ಎಸ್ಟೇಟ್

ನಾನು ಕ್ರಿಶ್ಚಿಯನ್ ಮನೇಲಿ ಹುಟ್ಟಿದೋನು, ಈಗ ಚರ್ಚಿಗೆ ಹೋಗಲ್ಲ, ಆದ್ರಿಂದ ಕೊಂಚ ಕಹಿಯಾಗೇ ಬರೀತೀನಿ ಬೇಜಾರಾಗ್ಬೇಡಿ.

ವಚನಗಳು ಚೆನ್ನಾಗಿವೆ ಸರ್, ಯಾವತ್ತೂ ಚೆನ್ನಾಗೇ ಇದ್ವು. 1967ರಲ್ಲಿ ಲಿನ್ ವೈಟ್ ಅನ್ನೋ ಇತಿಹಾಸಕಾರ ಸೈನ್ಸ್ ಪತ್ರಿಕೇಲಿ ಒಂದು ಲೇಖನ ಬರೆದು, ಪರಿಸರ ಹಾಳಾಗಿರೋದಕ್ಕೆ ಪಶ್ಚಿಮದ ಕ್ರೈಸ್ತ ಧರ್ಮದ ಮೇಲೆ ದೊಡ್ಡ ಹೊರೆ ಇದೆ, ಮನುಷ್ಯನಿಗೆ ದೊರೆತನ ಕೊಟ್ಟಿದಾರೆ ಅಂತ ಅಂದ್ಕೊಂಡು ಪ್ರಕೃತೀನ ಬಳಸಿ ಬಿಸಾಕೋ ವಸ್ತು ಮಾಡ್ಕೊಂಡ್ರು ಅಂದಿದ್ದ. ಆತ ನಾಸ್ತಿಕ ಏನಲ್ಲ, ಚರ್ಚಿನವನೇ. ಅಸ್ಸೀಸಿಯ ಫ್ರಾನ್ಸಿಸ್‌ನ ಪರಿಸರದವರ ಪಾಲಕ ಸಂತ ಮಾಡಿ ಅಂತ ಕೊನೇಲಿ ಅವನೇ ಸೂಚಿಸಿದ್ದು, 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹಾಗೇ ಮಾಡಿದ್ರು. ಪಾಲಕ ಸಂತ ಬಂದ್ರು ಸರಿ, ಆಮೇಲೆ ಏನಾಯ್ತು ಅಂತ ನಮ್ಮ ಪಶ್ಚಿಮ ಘಟ್ಟದಲ್ಲೇ ನೋಡಿ.

2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ಘಟ್ಟ ಉಳಿಸೋ ಬಗ್ಗೆ ವರದಿ ಕೊಡ್ತು. ಕೇರಳದಲ್ಲಿ ಅದನ್ನ ಜೋರಾಗಿ ವಿರೋಧಿಸಿದವರಲ್ಲಿ ಇಡುಕ್ಕಿ, ತಾಮರಶ್ಶೇರಿ ಕಡೆಯ ಚರ್ಚೂ ಇತ್ತು. ಇಡುಕ್ಕಿ ಎಂಪಿ ಪಿ.ಟಿ. ಥಾಮಸ್, ಅವರೂ ಕ್ಯಾಥೊಲಿಕ್ಕೇ, ವರದಿ ಪರ ನಿಂತರು ಅನ್ನೋ ಒಂದೇ ಕಾರಣಕ್ಕೆ ಬದುಕಿರುವಾಗಲೇ ಅವರ ಅಣಕು ಶವಯಾತ್ರೆ ಮಾಡಿದ್ರು, ಪಾದ್ರಿಗಳೂ ಇದ್ರು. 2014ರಲ್ಲಿ ಟಿಕೆಟ್ ಸಿಗಲಿಲ್ಲ. 2021ರ ಡಿಸೆಂಬರಲ್ಲಿ ತೀರಿಕೊಂಡಾಗ ಅವರ ಇಚ್ಛೆಯಂತೆ ಚರ್ಚಿನ ವಿಧಿ ಇಲ್ಲದೆ ಕೊಚ್ಚಿಯಲ್ಲಿ ದಹನ ಮಾಡಿದ್ರು. 2018ರಲ್ಲಿ ಪ್ರವಾಹ, 2020ರಲ್ಲಿ ಇಡುಕ್ಕಿಯ ಪೆಟ್ಟಿಮುಡಿ, 2024ರ ಜುಲೈ 30ಕ್ಕೆ ವಯನಾಡಿನ ಚೂರಲ್‌ಮಲ, ಎರಡೂ ಕಡೆ ಗುಡ್ಡ ಕುಸಿತ. ಗುಡ್ಡ ಕುಸಿದಾಗ ಪ್ರಾರ್ಥನೆಗೆ ಎಲ್ರೂ ಬರ್ತಾರೆ. ಅದಕ್ಕೆ ಹೇಳೋದು, ನಿರೀಕ್ಷೆ ಅನ್ನೋದು ನಂಗೆ ಪೆಯಿನ್‌ಕಿಲ್ಲರ್ ಥರಾನೇ ಕಾಣುತ್ತೆ.

ಕುಡ್ಲದ_ಬಾಯಿ

ಎಸ್ಟೇಟಿನವರೇ, ಇಡುಕ್ಕಿಯದ್ದು ನೀವು ಹೇಳಿದ್ದು ಹೌದು, ಅದರಲ್ಲಿ ಮುಚ್ಚಿಡ್ಲಿಕ್ಕೆ ಎಂತದ್ದೂ ಇಲ್ಲ. ಆದ್ರೆ ಅರ್ಧ ಕಥೆ ಹೇಳಿದ್ದೀರಿ ಮಾರಾಯ್ರೆ. ಆ ಗುಡ್ಡದಲ್ಲಿ ಕೂತವರೆಲ್ಲ ಕಲ್ಲು ಕೋರೆ ಮಾಲೀಕರಲ್ಲ, ಎರಡು ಎಕರೆ ಕಾಳುಮೆಣಸು ಏಲಕ್ಕಿ ಇಟ್ಕೊಂಡವರು, ಪಟ್ಟಾ ಹೋಗ್ತದೆ ಅಂತ ಹೆದರಿದವರು. ಹೆದರಿಸಿದವರು ಬೇರೆ ಇದ್ದರು ಬಿಡಿ. ನಿಮ್ಮ ಸಕಲೇಶಪುರದಲ್ಲಿ ಗಾಡ್ಗೀಳ್ ನಂತರ ಘಟ್ಟದ ಬಗ್ಗೆಯೇ ಬಂದ ಕಸ್ತೂರಿರಂಗನ್ ವರದಿ ಬೇಡ ಅಂದವರು ಚರ್ಚಿನವರು ಮಾತ್ರವಾ? ನಮ್ಮ ಸರ್ಕಾರವೇ ಮತ್ತೆ ಮತ್ತೆ ಬೇಡ ಅಂದಿದೆ.

ಇನ್ನರ್ಧ ಕಡಲ ಬದಿಯದ್ದು. ರಿಡೆಂಪ್ಟರಿಸ್ಟ್ ಅನ್ನುವ ಕ್ಯಾಥೊಲಿಕ್ ಸಂಘದ ಪಾದ್ರಿ ಥಾಮಸ್ ಕೋಚೇರಿ ಮೀನುಗಾರರ ಜೊತೆ ಇದ್ದು ಅವರ ರಾಷ್ಟ್ರೀಯ ಒಕ್ಕೂಟ ನಡೆಸಿದವರು, 1989ರಲ್ಲಿ ನೀರು ಉಳಿಸಿ ಜೀವ ಉಳಿಸಿ ಅಂತ ಎರಡೂ ಕರಾವಳಿಯಿಂದ ಕನ್ಯಾಕುಮಾರಿಗೆ ಜಾಥಾ ಬಂದಾಗ ಪೊಲೀಸರು ಗುಂಡು ಹಾರಿಸಿದ್ರು. ನೀವು ಹೇಳಿದ ಅದೇ 2018ರ ನೆರೆಯಲ್ಲಿ ತಿರುವನಂತಪುರ, ಕೊಲ್ಲಂ ಕಡೆಯ ಮೀನುಗಾರರು ದೋಣಿಯನ್ನೇ ಲಾರಿಗೆ ಹಾಕಿ ತಂದು ಜನರನ್ನು ತೆಗೆದರಲ್ಲ, ಅದರಲ್ಲಿ ತುಂಬಾ ಜನ ಲ್ಯಾಟಿನ್ ಕ್ಯಾಥೊಲಿಕರು. 2022ರಲ್ಲಿ ಕಡಲು ಕೊರೆತ ಅಂತ ವಿಳಿಂಜಂ ಬಂದರಿನ ಎದುರು ತಿಂಗಳುಗಟ್ಟಲೆ ಕೂತದ್ದೂ ಅವರ ಆರ್ಚ್‌ಡಯಾಸಿಸ್. ಹಾಗಾಗಿ ಚರ್ಚು ಅಂತ ಒಂದೇ ಮುದ್ದೆ ಮಾಡಿ ಬೈದರೆ ಲೆಕ್ಕ ತಪ್ಪುತ್ತದೆ. ಪೋಪ್ ಫ್ರಾನ್ಸಿಸ್ 2015ರಲ್ಲಿ ಲೌದಾತೊ ಸೀ ಪತ್ರದಲ್ಲಿ ಭೂಮಿಯ ಕೂಗು, ಬಡವರ ಕೂಗು ಎರಡನ್ನೂ ಒಟ್ಟಿಗೆ ಕೇಳ್ಬೇಕು ಅಂತ ಬರೆದದ್ದು. ಇಡುಕ್ಕಿಯಲ್ಲಿ ಒಂದೇ ಕಿವಿಯಲ್ಲಿ ಕೇಳಿದ್ರು ಅಂತ ಬೇಕಾದ್ರೆ ಹೇಳಿ.

ಕೆಜಿಎಫ್ ತಮ್ಮ, ನಮ್ಮಲ್ಲಿ ಹೇಗೆ ಅಂತ ಹೇಳ್ತೇನೆ. ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬ, ಮಾತೆಯ ಹುಟ್ಟುಹಬ್ಬ. ಆಗಸ್ಟ್ 30ರಿಂದ ನೊವೆನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಮಕ್ಕಳು ದಿನಾ ಹೂ ತಂದು ಹಾಕುವುದು. ಹಬ್ಬದ ದಿನ ಫಾದರ್ ಹೊಸ ತೆನೆ ಆಶೀರ್ವಾದ ಮಾಡಿ ಮನೆಗೊಂದು ಕೊಡ್ತಾರೆ, ಅದರ ಕಾಳು ಸುಲಿದು ಹಾಲಿಗೆ ಹಾಕಿ ಮನೆಯವರೆಲ್ಲ ಕುಡಿದ ಮೇಲೆಯೇ ಊಟ, ಆ ದಿನ ಮೀನಿಲ್ಲ ಮಾಂಸ ಇಲ್ಲ, ತರಕಾರಿ ಮಾತ್ರ, ಅದೂ ಬೆಸ ಸಂಖ್ಯೆಯಲ್ಲಿ. ಗದ್ದೆ ಎಲ್ಲ ಲೇಔಟ್ ಆಗಿ ಪೇಟೆಯ ಚರ್ಚುಗಳಿಗೆ ಈಗ ತೆನೆ ಹೊರಗಿನಿಂದ ತರಿಸಬೇಕು, ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ. ಈ ಹಬ್ಬ ಬರುವುದು ಸೃಷ್ಟಿಕಾಲದ ಒಳಗೆಯೇ, ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ವರೆಗೆ ಈಗ ಎಷ್ಟೋ ಸಭೆಗಳು ಆಚರಿಸ್ತವಲ್ಲ ಅದು. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥನೆಯ ದಿನ ಅಂತ 1989ರಲ್ಲಿ ಶುರು ಮಾಡಿದವರು ಆರ್ಥೊಡಾಕ್ಸ್‌ನವರು, ನಾವು ಸೇರಿದ್ದು 2015ರಲ್ಲಿ. ಮತ್ತೆ 2025ರ ಜುಲೈಯಲ್ಲಿ ಸೃಷ್ಟಿಯ ಪಾಲನೆಗೇ ಅಂತ ಹೊಸ ಬಲಿಪೂಜೆಯ ಪ್ರಾರ್ಥನೆ ಕೂಡ ಬಂತು, ಪೋಪ್ ಲಿಯೊ ಅವರೇ ಅದನ್ನು ಅರ್ಪಿಸಿದ್ರು.

ದೊಡ್ಡ ಮಾತು ಸಾಕು. ನಮ್ಮ ಸ್ತ್ರೀ ಸಂಘಟನೆಯವರು ಮಾಡಿದ್ದು ಇಷ್ಟೇ, ಮದುವೆಗೆ, ಬೊಜ್ಜಕ್ಕೆ (ಸತ್ತವರ ಕಾರ್ಯಕ್ಕೆ) ಅಂತ ಸ್ಟೀಲ್ ಲೋಟ ಬಟ್ಟಲು ತೆಗೆದಿಟ್ಟು ಬಾಡಿಗೆ ಇಲ್ಲದೆ ಕೊಡುವುದು, ತೊಳೆದು ತಂದುಕೊಟ್ಟರೆ ಆಯಿತು. ರಾಜ್ಯದಲ್ಲಿ ಪ್ಲಾಸ್ಟಿಕ್ ಲೋಟ, ಫ್ಲೆಕ್ಸು 2016ರಿಂದಲೇ ನಿಷೇಧ ಆದ್ರೂ ಕ್ರಿಸ್ಮಸ್ಸಿಗೆ ಗೇಟಿನಲ್ಲಿ ಫ್ಲೆಕ್ಸ್ ಕಟ್ಟುವುದು ನಿಂತಿಲ್ಲ, ಗೋದಲಿಗೆ ಥರ್ಮೋಕೋಲ್ ಹಾಕುವುದೂ ನಿಂತಿಲ್ಲ. ಚರ್ಚಿಗೆ ಎಸಿ ಹಾಕಿಸುವ ಅಂತ ಒಬ್ಬರು ಮೀಟಿಂಗಲ್ಲಿ ಹೇಳಿದಾಗ ಲೌದಾತೊ ಸೀ 55ನೇ ಪ್ಯಾರಾದಲ್ಲಿ ಪೋಪ್ ಎಸಿ ಬಗ್ಗೆಯೇ ಬರೆದಿದ್ದಾರೆ ಅಂತ ನಾನು ಓದಿ ಹೇಳಿದೆ. ಫಾದರ್ ನಕ್ಕರು, ಉಳಿದವರು ನಗ್ಲಿಲ್ಲ 😀 ಎಸಿ ಇನ್ನೂ ಬರ್ಲಿಲ್ಲ.

ಸಕಲೇಶಪುರ_ಎಸ್ಟೇಟ್

ಬಾಯಿ, ವಿಳಿಂಜಂ ವಿಷಯ ಒಪ್ಪಿದೆ. ನಾವು ಪ್ಲಾಂಟರ್‌ಗಳು ವರದಿ ವಿರೋಧಿಸಿದ್ದೂ ನಿಜ, ನಮ್ಮಪ್ಪನೇ ಬೋರ್ಡ್ ಹಿಡ್ಕೊಂಡು ಹೋಗಿದ್ರು. ಆದ್ರೆ ಬಡವರ ಹೆಸರಲ್ಲಿ ಕೋರೆ ಉಳಿಯುತ್ತೆ ಅನ್ನೋ ನನ್ನ ಮಾತು ಹಾಗೇ ಇರ್ಲಿ. ಆಮೇಲೆ ಪಿ.ಟಿ. ಥಾಮಸ್ ಬಗ್ಗೆ ಒಂದು ಹೇಳೋದು ಬಿಟ್ಟೋಯ್ತು, ಅವರ ಚಿತಾಭಸ್ಮದಲ್ಲಿ ಒಂದು ಪಾಲನ್ನ 2022ರ ಜನವರೀಲಿ ಇಡುಕ್ಕಿಯ ಉಪ್ಪುತೋಡಿನಲ್ಲಿ ಅವರ ತಾಯಿ ಸಮಾಧೀಲೇ ಇಟ್ರು, ಚರ್ಚಿನ ಸ್ಮಶಾನದಲ್ಲೇ. ಅದರಿಂದ ಏನು ತಿಳ್ಕೋಬೇಕೋ ನಂಗಿನ್ನೂ ಗೊತ್ತಾಗಿಲ್ಲ.

ಹವಾಮಾನ_ಪಿಎಚ್‌ಡಿ

ಸತ್ಯವಾಕ್ಯ ಅವ್ರೇ, ಇದೆಲ್ಲಾ ಎನ್‌ಜಿಓ ಕೆಲಸ ಅಂದ್ರಲ್ಲ, ಹವಾಮಾನ ಬದಲಾವಣೆ ಬಗ್ಗೆ ವರದಿ ಕೊಡೋ ವಿಶ್ವಸಂಸ್ಥೆಯ ಐಪಿಸಿಸಿಯ ಮೊದಲ ವರದಿ 1990ರಲ್ಲಿ ಬಂದಾಗ ಅದರ ವಿಜ್ಞಾನದ ಭಾಗದ ತಂಡ ನಡೆಸಿದ್ದು ಜಾನ್ ಹೌಟನ್, ವೇಲ್ಸ್‌ನವರು, ಬ್ರಿಟನ್ನಿನ ಹವಾಮಾನ ಇಲಾಖೆ ಮುಖ್ಯಸ್ಥರಾಗಿದ್ದವರು, ಜೊತೆಗೆ ಅಪ್ಪಟ ಇವಾಂಜೆಲಿಕಲ್. ಅಮೆರಿಕದ ಚರ್ಚುಗಳವರ ಹತ್ರ ಕೂತು ಇದು ನಿಮ್ಮ ನಂಬಿಕೆಯ ವಿಷಯಾನೇ ಕಣ್ರೀ ಅಂತ ಮನವೊಲಿಸೋಕೆ ಎಷ್ಟೋ ವರ್ಷ ಕಳೆದ್ರು. ನಮ್ಮ ಬೆಂಗಳೂರು ಪಕ್ಕ ಬನ್ನೇರುಘಟ್ಟದಲ್ಲಿ ಆನೆ ಮತ್ತೆ ರೈತರ ಸಂಘರ್ಷದ ಮೇಲೆ ಕೆಲಸ ಮಾಡ್ತಿರೋ ‘ಆ ರೋಶಾ’ (A Rocha) ಕೂಡ ಕ್ರೈಸ್ತ ಸಂಸ್ಥೇನೇ, 1983ರಲ್ಲಿ ಪೋರ್ಚುಗಲ್‌ನಲ್ಲಿ ಹಕ್ಕಿ ನೋಡೋ ಒಬ್ಬ ಪಾದ್ರಿ ಕುಟುಂಬ ಶುರು ಮಾಡಿದ್ದು.

ನಂಗೆ ತುಂಬಾ ಇಷ್ಟವಾದ ಉದಾಹರಣೆ ಇಥಿಯೋಪಿಯಾದ್ದು. ಅಲ್ಲಿ ಉತ್ತರ ಭಾಗದಲ್ಲಿ ಸ್ಯಾಟಲೈಟ್ ಚಿತ್ರ ನೋಡಿದ್ರೆ ಸುತ್ತ ಬರೀ ಹೊಲ, ಮಧ್ಯೆ ಮಧ್ಯೆ ದುಂಡಗೆ ಹಸಿರು ಚುಕ್ಕಿ. ಒಂದೊಂದು ಚುಕ್ಕಿ ನಡುವೆ ಒಂದು ಆರ್ಥೊಡಾಕ್ಸ್ ಚರ್ಚು. ಕಾಡು ಅಂತ ಉಳಿದಿರೋದು ಹೆಚ್ಚಾಗಿ ಅಷ್ಟೇ. ಕೊಡಗಿನ ದೇವರಕಾಡು ನೋಡಿದವರಿಗೆ ತಕ್ಷಣ ಹೊಳೆಯುತ್ತೆ. ಅಲೆಮಾಯೆಹು ವಾಸ್ಸಿ ಅನ್ನೋ ಅಲ್ಲಿನ ಅರಣ್ಯ ವಿಜ್ಞಾನಿ ಪಾದ್ರಿಗಳನ್ನ ಸೇರಿಸಿ ಮಾತಾಡಿದ ಮೇಲೆ ದನ ನುಗ್ಗದ ಹಾಗೆ ಹೊಲದ ಕಲ್ಲನ್ನೇ ಆರಿಸಿ ಸುತ್ತ ಗೋಡೆ ಕಟ್ಟಿದ್ರು. ಹೊಸ ಗಿಡ ನೆಡೋಕಿಂತ ದನ ತಡೆದಿದ್ದೇ ಜಾಸ್ತಿ ಕೆಲಸ ಮಾಡ್ತು, ಒಳಗೆ ಬಿದ್ದ ಬೀಜ ತಾನೇ ಮೊಳೀತು.

ಕೆಜಿಎಫ್ ವಿಷಯಕ್ಕೆ ಬಂದ್ರೆ, ದಿಬ್ಬದ ಮೇಲೆ ನೆಡೋಕೆ ಮಾತ್ರ ಹೋಗ್ಬೇಡಿ. ಆ ಪುಡೀಲಿ ಗಿಡಕ್ಕೆ ಬೇಕಾದ ಸಾರ ಇಲ್ಲ, ನೀರೂ ನಿಲ್ಲಲ್ಲ. ಜಾಗಾನೂ ನಿಮ್ದಲ್ಲ, ಉಳಿದಿರೋ ಚಿನ್ನಕ್ಕೋಸ್ಕರ ಆ 13 ದಿಬ್ಬಾನ ಮತ್ತೆ ತೆಗೆಯೋಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಬೇರೆ ಕೊಟ್ಟಿದೆ. ತೆಗೆಯೋಕೆ ಶುರು ಮಾಡಿದ್ರೆ ಧೂಳು ಹೇಗೆ ತಡೀತಾರೆ, ನೀರು ಹೊಡೀತಾರಾ, ಹೊದಿಕೆ ಹಾಕ್ತಾರಾ, ಇದನ್ನ ಕೇಳೋದು ನಿಮ್ಮ ಸಸಿಗಿಂತ ದೊಡ್ಡ ಕೆಲಸ. ಊರಿನ ಎಲ್ಲಾ ಚರ್ಚು, ಮಸೀದಿ, ದೇವಸ್ಥಾನದವರು ಒಂದೇ ಮನವಿಗೆ ಸಹಿ ಹಾಕಿದ್ರೆ ಡಿಸಿ ಆಫೀಸಲ್ಲಿ ಅದಕ್ಕೆ ತೂಕ ಇರುತ್ತೆ. ಬೀದೀಲಿ ಸಾಲು ಮರ ಧೂಳನ್ನ ಒಂದಷ್ಟು ಹಿಡಿಯುತ್ತೆ, ಪೂರ್ತಿ ಅಲ್ಲ.

ಮಾಲೂರು_ನರ್ಸರಿ

ನಾನು ಹಿಂದೂ, ಬೈಬಲ್ ಗೊತ್ತಿಲ್ಲ, ಗಿಡ ಗೊತ್ತು. ನಿಮ್ಮ ಕಡೆ ಹೊಂಗೆ, ಬೇವು ಹಾಕಿ, ನೀರು ಕಮ್ಮಿ ಕೇಳುತ್ತೆ, ಎಲೆ ದಟ್ಟ. ಗುಲ್ಮೊಹರ್ ಚಂದ ಅಂತ ಹಾಕ್ಬೇಡಿ, ಗಾಳಿಗೆ ಕೊಂಬೆ ಮುರಿಯುತ್ತೆ. ಅರಣ್ಯ ಇಲಾಖೆ ನರ್ಸರೀಲಿ ಮಳೆಗಾಲಕ್ಕೆ ಮುಂಚೆ ಕಮ್ಮಿ ರೇಟಿಗೆ ಸಿಗುತ್ತೆ, ದೊಡ್ಡ ಬ್ಯಾಗಿನ ಸಸೀನೇ ಕೇಳಿ. ಜೂನ್ 5ಕ್ಕೆ ನೆಟ್ಟು ಫೋಟೋ ಹಾಕೋರು ಬೇಕಾದಷ್ಟು ಜನ ಇದಾರೆ. ಮುಂದಿನ ಮಾರ್ಚ್ ಏಪ್ರಿಲ್‌ನಲ್ಲಿ ಬಿಂದಿಗೆ ಹಿಡ್ಕೊಂಡು ಬರೋರ್ಯಾರು ಅಂತ ಈಗ್ಲೇ ಹೆಸರು ಬರೆದಿಟ್ಕೊಳ್ಳಿ. ಮೇಕೆ ಜಾಸ್ತಿ ಇರೋ ಊರಾದ್ರೆ ಟ್ರೀ ಗಾರ್ಡ್ ಇಲ್ದೆ ನೆಡೋದು ಮೇಕೆಗೆ ಊಟ ಹಾಕಿದ ಹಂಗೆ.

ಚಾಂಪಿಯನ್_ರೀಫ್_ಹುಡುಗ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಪಾಸ್ಟರ್ ಅವ್ರೇ, ನೀವು ಹೇಳಿದ ಹಾಗೆ ಹಿರಿಯರ ಮನೆಗೇ ಹೋಗಿ ಪೇತ್ರ ಓದಿದೆ, ಯೆರೆಮೀಯಾನೂ ಓದಿದೆ. ನೋಹನ ವಿಷಯಕ್ಕೆ ಅವರು ತಲೆ ಅಲ್ಲಾಡಿಸಲಿಲ್ಲ, ಬೆಂಕಿ ಬೇರೆ ನೀರು ಬೇರೆ ಅಂದ್ರು. ಕ್ರಯಪತ್ರದ ಕಥೆ ಮಾತ್ರ ಎರಡು ಸಲ ಓದಿಸಿಕೊಂಡ್ರು. ಗಣಿ ಮುಚ್ಚಿದಾಗ ಅವರ ಲೈನ್ ಮನೆ (ಗಣಿ ಕಾರ್ಮಿಕರ ಸಾಲುಮನೆ) ಪೇಪರ್ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ, ಅದಕ್ಕಿರಬಹುದು. ಆಮೇಲೆ, ಗಿಡ ಏನಾದ್ರೂ ಮಾಡ್ಕೊಳ್ಳಿ, ಆರಾಧನೆ ಟೈಮಲ್ಲಿ ಮಾಡ್ಬೇಡಿ ಅಂದ್ರು. ಒಪ್ಪಿಗೆ ಅಂತಾನೇ ತಗೊಂಡಿದೀವಿ.

ಪಿಎಚ್‌ಡಿ ಅಣ್ಣ, ಮನವಿ ಐಡಿಯಾ ಫೆಲೋಶಿಪ್‌ನಲ್ಲಿ ಹೇಳ್ದೆ, ಅರ್ಧ ಜನ ಹೆದರಿದ್ರು, ಪೊಲಿಟಿಕ್ಸ್ ಆಗುತ್ತೆ ಅಂತ. ಪಕ್ಕದ ಬೀದಿ ಕ್ಯಾಥೊಲಿಕ್ ಚರ್ಚಿನ ಹುಡುಗ್ರು ಜೊತೆಗೆ ಬರ್ತೀವಿ ಅಂದಿದಾರೆ, ಮಸೀದಿ ಕಡೆ ನನ್ನ ಕ್ಲಾಸ್‌ಮೇಟ್ ಒಬ್ಬ ಇದಾನೆ, ಕೇಳ್ತೀನಿ. ಡಿಸಿಗೆ ಬರೆಯೋ ಲೆಟರ್ ಕನ್ನಡದಲ್ಲಿ ಸರಿಯಾಗಿ ಬರ್ಕೊಡೋಕೆ ಇಲ್ಲಿ ಯಾರಾದ್ರೂ ರೆಡಿ ಇದೀರಾ? ಸಕಲೇಶಪುರ ಅಣ್ಣ, ನೀವು ಖಾರವಾಗಿ ಚೆನ್ನಾಗಿ ಬರೀತೀರ, ನಿಮ್ಮನ್ನೇ ಕೇಳ್ತಿರೋದು.

ನೀರು ಹಾಕೋ ಲಿಸ್ಟ್ ಮಾಡಿದೀವಿ, ಏಪ್ರಿಲ್ ತಿಂಗಳಿಗೆ ಮಾತ್ರ ಇನ್ನೂ ಯಾರೂ ಹೆಸರು ಕೊಟ್ಟಿಲ್ಲ. ಟ್ರೀ ಗಾರ್ಡ್ ಹಳೇದು ಯಾರ ಹತ್ರಾನಾದ್ರೂ ಇದ್ರೆ ಹೇಳಿ, ಬಂಗಾರಪೇಟೆ ತನಕ ಬಂದು ತಗೊಂಡು ಹೋಗ್ತೀವಿ.

ಸಕಲೇಶಪುರ_ಎಸ್ಟೇಟ್

ಲೆಟರ್ ಬರ್ಕೊಡ್ತೀನಿ. ದಿಬ್ಬ ಯಾವ್ಯಾವ ಬೀದಿಗೆ ಹತ್ರ, ಧೂಳು ಯಾವ ತಿಂಗಳು ಜಾಸ್ತಿ, ಸ್ಕೂಲು ಎಷ್ಟು ದೂರ, ಇಷ್ಟು ಕಳ್ಸು. ವಚನ ಹಾಕಲ್ಲ, ಬೇಕಾದ್ರೆ ನೀನೇ ಕೆಳಗೆ ಸೇರಿಸ್ಕೋ.